ಜೋರಾಗಿ ಕೇಳುವ ಜಾಗ

ದಾಂಡೇಲಿ, ಶುಕ್ರವಾರ

ಗನಿಸಾಬ ಉಸ್ತಾದರಿಗೆ ಸಲಾಂ.

ಲಗಮಪ್ಪನವರ ಜೀಪಿನ ಗೇರ್‌ಬಾಕ್ಸ್ ಸುಮ್ಮನೆ ಬಿಚ್ಚಿ ಹಾಕಿದ್ದಕ್ಕೆ ಕ್ಷಮಿಸಿ. ಟಕಟಕ ಸದ್ದು ಅಲ್ಲಿಂದಲೇ ಬರುತ್ತಿದೆ ಎಂದು ಆಣೆ ಮಾಡಿದ್ದೆ. ಎಂಜಿನ್ನಿನದೆಂದು ನೀವು ದೂರ ನಿಂತೇ ಹೇಳಿದಾಗ ಮೈ ಉರಿಯಿತು. ನಿನ್ನನ್ನು ಡಾಕ್ಟರಿಗೆ ತೋರಿಸೋಣ ಅಂದಾಗಲಂತೂ ನಟ್ಟು ಬಿಚ್ಚುತ್ತಿದ್ದ ಪಾನಾ ಎಸೆದು ಗ್ಯಾರೇಜಿನಿಂದ ಮನೆಗೆ ಬಂದುಬಿಟ್ಟೆ.

ಈಚೆಗೆ ಸದ್ದುಗಳು ತಮ್ಮ ಜಾಗ ಬಿಟ್ಟು ತಿರುಗಾಡುತ್ತಿವೆ. ಅಮ್ಮಿ ಎದುರಿಗೆ ಕೂತು ಮಾತಾಡಿದರೂ ದನಿ ಹಿಂದಿನ ಗೋಡೆಯಿಂದ ಬರುತ್ತದೆ. ಮಿಲ್ಲಿನ ಭೋಂಗಾ ಊದಿದರೆ ಕಾಳಿ ನದಿಯ ನೀರೊಳಗೆ ಯಾರೋ ಹಾಡಿದಂತಿರುತ್ತದೆ. ಅದು ಚೆಂದವೇ. ಆದರೆ ಕಣ್ಣಿಗೆ ಕಾಣದ ಒಬ್ಬ ಮಾತ್ರ ಹೆಸರು ಹಿಡಿದು ಕರೆಯುತ್ತಾನೆ: "ತಾರಿಕ, ಇತ್ತಾಗ ಬಾರೋ."

ಇವತ್ತು ಮುಂಜಾನೆ ಅವನನ್ನು ಹುಡುಕಿದೆ. ನೀವು ಎಂಜಿನ್ ಪರೀಕ್ಷಿಸಲು ಕಲಿಸಿದಂತೆಯೇ ಉದ್ದ ಸ್ಕ್ರೂಡ್ರೈವರಿನ ಹಿಡಿಕೆಯನ್ನು ಕಿವಿಗೆ ಹಚ್ಚಿ, ತುದಿಯನ್ನು ಗೋಡೆಗೆ, ಕಿಟಕಿಗೆ, ಕಪಾಟಿಗೆ ಇಟ್ಟು ನೋಡಿದೆ. "ಎಲ್ಲಿ ಜೋರ ಕೇಳಸ್ತೈತಿ, ಖರಾಬಿ ಅಲ್ಲೇ ಐತಿ ನೋಡು" ಅನ್ನುತ್ತೀರಲ್ಲ, ಎಲ್ಲಿಯೂ ಜೋರಾಗಲಿಲ್ಲ. ಕೊನೆಗೆ ಸ್ಕ್ರೂಡ್ರೈವರ್ ಕೆಳಗಿಟ್ಟು ಅಂಗೈಗಳಿಂದ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡೆ.

ಆಗ ಜೋರಾಗಿ ಕೇಳಿತು.

ಸೋಮವಾರ ಧಾರವಾಡದ ಡಾಕ್ಟರ ಬಳಿ ನನ್ನ ಜೊತೆ ಬನ್ನಿ. ಅಮ್ಮಿಗೆ ನೀವೇ ಹೇಳಿ, ನನಗೆ ಬಾಯಿ ಬರುತ್ತಿಲ್ಲ. ಒಂದೇ ವಿನಂತಿ. ಕರೆದೊಯ್ಯಲು ಬಂದಾಗ ಬಾಗಿಲಲ್ಲಿ ನಿಂತು ಕೂಗಬೇಡಿ. ಒಳಗೆ ಬಂದು ಕೈ ಹಿಡಿಯಿರಿ. ಕರೆದದ್ದು ನೀವೇ ಎಂದು ಆಗ ಗೊತ್ತಾಗುತ್ತದೆ.

ನಿಮ್ಮ ಕೈಕೆಳಗೆ ಕಲಿತ,
ತಾರಿಕ