ಎದುರುಮನೆಯ ಚಾವಿ

ಬೆಟಗೇರಿ,
೧೪ ಜುಲೈ ೨೦೧೯, ಭಾನುವಾರ

ಅತ್ತೆ ಎಂದು ಕರೆದರೆ ಮುಖ ಗಂಟಿಕ್ಕುವ ನನ್ನ ಅಮ್ಮೀ, ಸೊಸೆ ನಸ್ರೀನಳ ಸಲಾಮು.

ಮೊಣಕಾಲು ನೋವು ಹೇಗಿದೆ? ವಿಜಯಪುರದಲ್ಲಿ ಮಗಳು ಶಕೀಲಾಳ ಮನೆಯ ಮೆಟ್ಟಿಲು ಹತ್ತಿ ಇಳಿದು ಹೆಚ್ಚು ಮಾಡಿಕೊಳ್ಳಬೇಡಿ. ದಿನಾ ಫೋನ್ ಮಾಡುವವಳು ಪತ್ರ ಯಾಕೆ ಬರೆದಳೆಂದು ನಗುತ್ತಿರಬಹುದು. ಕಾರಣವಿದೆ, ಕೊನೆಗೆ ಹೇಳುತ್ತೇನೆ. ರಂಜಾನ್ ಹಬ್ಬ ಮುಗಿಸಿ ಹೋದವರು ಇನ್ನೂ ಬರುವ ಮಾತೆತ್ತಿಲ್ಲ. ಹೊರಡುವಾಗ ಎದುರುಮನೆಯ ಗುರುಸಿದ್ದವ್ವನವರ ಮುಂದೆ, "ಸೊಸಿ ನೌಕರಿ ಹಿಡದಾಳ, ಮನಿಗೆ ಕೀಲಿ ಬೀಳತೈತಿ. ಇನ್ನ ಇಲ್ಲೆ ನಂದೇನ ಕೆಲಸ?" ಎಂದಿರಂತೆ. ಆ ಮಾತು ಕೇಳಿ ನನಗೆ ಅಳು ಬಂತು. ನನ್ನ ಕೂಸು ಗುಲ್ನಾಜಳನ್ನು ಮಡಿಲಲ್ಲಿ ಹಾಕಿಕೊಂಡು ನನ್ನನ್ನು ಕಂಪ್ಯೂಟರ್ ಕಲಿಯಲು ಕಳಿಸಿದವರು ನೀವೇ ಅಲ್ಲವೇ?

ಈಗ ಕೆಲಸದ ಸುದ್ದಿ ಕೇಳಿ. ನಮ್ಮ ಪತ್ತಿನ ಸಂಘಕ್ಕೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಶಾಖೆಗಳಿವೆಯಲ್ಲ, ಅಲ್ಲಿನ ನೆಟ್‌ವರ್ಕನ್ನೆಲ್ಲ ಗದುಗಿನ ಆಫೀಸಿನಲ್ಲೇ ಕೂತು ನೋಡಿಕೊಳ್ಳುವ ಸಾಫ್ಟ್‌ವೇರ್ ಒಂದಿದೆ. ಇಷ್ಟು ದಿನ ಅದಕ್ಕೆ ಎಲ್ಲರದೂ ಒಂದೇ ಪಾಸ್‌ವರ್ಡ್, ಅದೂ ಗೋಡೆಗೆ ಅಂಟಿಸಿದ್ದು! ಈಗ ಹಾಗಿಲ್ಲ. ಯಾರೇ ಹೆಸರು ಕೊಟ್ಟರೂ ಅದು ಹುಲಕೋಟಿಯಲ್ಲಿಟ್ಟ ಸರ್ವರನ್ನು ಕೇಳುತ್ತದೆ: ಇವರು ನಮ್ಮವರೇನು? ಹೌದೆಂದರೆ ಮಾತ್ರ ಒಳಗೆ. ಆ ಸರ್ವರ್ ಸುಮ್ಮನಿದ್ದರೆ ಪಕ್ಕದ ಇನ್ನೊಂದನ್ನು ಕೇಳುತ್ತದೆ. ಹೊಸಬರು ಯಾರೇ ಬಂದರೂ "ಯಾರ ಪೈಕಿ?" ಎಂದು ಬೆನ್ನತ್ತುತ್ತೀರಲ್ಲ, ನಿಮಗಿಂತ ಕಟ್ಟುನಿಟ್ಟು! ಇವನ್ನು ಜೋಡಿಸುವ ಕೆಲಸವನ್ನು ನಮ್ಮ ನಿಜಲಿಂಗಪ್ಪ ಸರ್ ನನಗೇ ಒಪ್ಪಿಸಿದರು.

ಎಲ್ಲ ಸರಿಹೋದ ಮೇಲೆ ಸಾಫ್ಟ್‌ವೇರಿನೊಳಗೇ ಇದ್ದ ಹಳೆಯ ಹೆಸರುಗಳನ್ನು ಅಳಿಸುತ್ತಾ ಬಂದೆ. ಕೊನೆಯದಕ್ಕೆ ಬಂದಾಗ ನಿಮ್ಮ ಮಾತು ನೆನಪಾಯಿತು: "ಒಂದ ಚಾವಿ ಎದರಮನ್ಯಾಗ ಇರ್ಲಿ ಬಿಡವಾ. ನಿನ್ನ ಕೈಯಾಗಿಂದು ಕಳದ ದಿನ ಹೊರಗ ನಿಂದರತೀಯೇನ?" ಸರ್ ಅವರನ್ನು ಕೇಳಿ, ಸರ್ವರ್‌ಗಳು ಸಿಗದ ದಿನಕ್ಕೆಂದು, ಅವನ್ನು ಕೇಳದೆಯೇ ಒಳಗೆ ಬಿಡುವ ಒಂದು ಹೆಸರು ಉಳಿಸಿದೆ. ಅದಕ್ಕೆ ನಿಮ್ಮ ಹೆಸರನ್ನೇ ಇಟ್ಟೆ.

ಕಳೆದ ಮಂಗಳವಾರ ನೀರಿನ ಪೈಪಿಗೆಂದು ಹುಲಕೋಟಿ ರಸ್ತೆ ಅಗೆದವರು ನಮ್ಮ ಕೇಬಲ್ಲನ್ನೇ ಕತ್ತರಿಸಿಬಿಟ್ಟರು. ಶಾಖೆಗಳ ಲೈನೂ ಅದರಲ್ಲೇ ಇತ್ತು. "ಮಂದಿ ಸಾಲ ಹಚ್ಚಿ ನಿಂತಾರ್ರಿ ಮೇಡಂ, ಜಲ್ದಿ ಏನಾರ ಮಾಡ್ರಿ" ಎಂದು ಮುಂಡರಗಿಯಿಂದ ಫೋನು. ಬೇರೆ ಲೈನಿಗೆ ತಿರುಗಿಸಬೇಕೆಂದರೆ ಸಾಫ್ಟ್‌ವೇರಿನೊಳಗೆ ಹೋಗಬೇಕು. ಎರಡೂ ಸರ್ವರ್‌ಗಳು ಮೌನ, ಸರ್ ಅವರನ್ನೂ ಒಳಗೆ ಬಿಡಲಿಲ್ಲ. ನಿಮ್ಮ ಹೆಸರು ಒತ್ತಿದೆ. ತೆರೆದುಕೊಂಡಿತು! ಸ್ವಲ್ಪ ಹೊತ್ತಿನಲ್ಲೇ ಶಾಖೆಗಳೆಲ್ಲ ಕೆಲಸ ಶುರುಮಾಡಿದವು. "ಯಾರ್ರೀ ಈ ಜೈಬುನ್ನೀಸಾ?" ಎಂದರು ಸರ್. ನಮ್ಮ ಅತ್ತೆ ಎಂದೆ. "ಅವರಿಗೊಂದ ಸಲಾಂ ಹೇಳ್ರಿ" ಎಂದು ನಕ್ಕರು.

ಅಮ್ಮೀ, ನಿಮ್ಮ ಉಪಕಾರ ನಾನು ತೀರಿಸಲಾರೆ. ಕಲಿಯಲು ಕಳಿಸಿದವರೂ ನೀವೇ, ಆ ದಿನ ನನ್ನ ಮಾನ ಉಳಿಸಿದವರೂ ನೀವೇ. ನಿಮಗೆ ಇಲ್ಲಿ ಕೆಲಸವಿಲ್ಲ ಎಂದವರಾರು?

ಶಕೀಲಾಗೆ, ಮಕ್ಕಳಿಗೆ ನನ್ನ ನೆನಪು ತಿಳಿಸಿ. ನಿಮ್ಮ ದುವಾದಲ್ಲಿ ನಮಗೂ ಜಾಗವಿರಲಿ.

ನಿಮ್ಮ ಮಗಳೇ ಆದ
ನಸ್ರೀನ

ತಾ.ಕ.: ತಲೆಬಾಗಿಲಿನ ಬೀಗ ತುಕ್ಕು ಹಿಡಿದಿತ್ತು, ನಿಮ್ಮ ಮಗ ಹೊಸದು ತಂದರು. ಒಂದು ಚಾವಿ ನಮ್ಮ ಬಳಿ, ಒಂದು ಎಂದಿನಂತೆ ಗುರುಸಿದ್ದವ್ವನವರ ಬಳಿ. ನಿಮ್ಮದು ಈ ಲಕೋಟೆಯೊಳಗಿದೆ. ಚಾವಿಯನ್ನು ಫೋನಿನಲ್ಲಿ ಕಳಿಸಲು ಬರುವುದಿಲ್ಲ ನೋಡಿ. ಬಕ್ರೀದಿಗೆ ಮುಂಚೆ ಬನ್ನಿ. ಬಾಗಿಲು ಬಡಿಯಬೇಡಿ, ನೀವೇ ತೆಗೆದು ಒಳಗೆ ಬನ್ನಿ.