ಏಳನೇ ಸರ, ಮೂರು ಗೇಣು

ತೂರಿಯೂರು, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ
ನಿಮ್ಮ ಲೆಕ್ಕದಲ್ಲಿ 2231ನೇ ಇಸವಿ

ಮುನಿವೆಂಕಟಮ್ಮಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಹಂಸವೇಣಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮಗಿನ್ನೂ ಮದುವೆಯೇ ಆಗಿಲ್ಲವೆಂದು ಗೊತ್ತು. ಅಜ್ಜಿ ಅಂದದ್ದಕ್ಕೆ ಕ್ಷಮಿಸಿ. ನಿಮಗೆ ತಿಳಿಯದ ಪದಗಳು ನುಸುಳಿದರೆ ಅದಕ್ಕೂ ಕ್ಷಮೆಯಿರಲಿ. ಈ ಪತ್ರ ಹಿಂಟಪಾಲಿನಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಜೀವಮಾನಕ್ಕೆ ಒಬ್ಬರಿಗೆ ಒಂದೇ ಪತ್ರ. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ.

ನೀವು ನ್ಯೂಟ್ರಿನೊ ಅನ್ನುವ ಕಣವನ್ನು ನಾವು ತೂರಿ ಅನ್ನುತ್ತೇವೆ. ದೂರದ ಗ್ಯಾಲಕ್ಸಿಗಳಲ್ಲಿ ಹುಟ್ಟಿ, ಯಾವುದಕ್ಕೂ ತಗಲದೆ, ಭೂಮಿಯನ್ನೇ ತೂರಿಕೊಂಡು ಬರುತ್ತದಲ್ಲ, ಅದಕ್ಕೆ. ಎಲ್ಲೋ ಕೋಟಿಗೊಂದು ನೀರಿಗೆ ಡಿಕ್ಕಿ ಹೊಡೆದು ಚೂರು ನೀಲಿ ಬೆಳಕು ಚೆಲ್ಲುತ್ತದೆ. ಅದನ್ನು ಹಿಡಿಯಲು ಹಳೆಯ ಚಿನ್ನದ ಗಣಿಯಲ್ಲಿ ತುಂಬಿದ ನೀರೊಳಗೆ ಗಾಜಿನ ಕಣ್ಣುಗಳನ್ನು ಸರದಂತೆ ಪೋಣಿಸಿ ಇಳಿಬಿಟ್ಟಿದ್ದೇವೆ. ತೂರಿ ಸಿಕ್ಕಿದರೆ ಗಣಿಯ ಸೈರನ್ ಕೂಗುತ್ತದೆ. ಮುದ್ದೆ ತಿರುವುತ್ತಿದ್ದವರು ಕೋಲು ಹಿಡಿದೇ ಅಂಗಳಕ್ಕೆ ಬರುತ್ತಾರೆ. ಅದು ಬಂದ ದಿಕ್ಕಿಗೆ ಎಲ್ಲರೂ ಬೆರಳು ತೋರಿಸುತ್ತೇವೆ. ಬಹಳ ಸಲ ಆ ದಿಕ್ಕು ಕಾಲ ಕೆಳಗೇ ಇರುತ್ತದೆ. ಆಕಾಶ ಎಲ್ಲಿ ಅಂತ ಕೇಳಿದರೆ ನಮ್ಮ ಮಕ್ಕಳು ಮೊದಲು ನೆಲ ತೋರಿಸುತ್ತವೆ. ಹೌದು, ಇನ್ನೂ ಮುದ್ದೆಯೇ ತಿನ್ನುತ್ತೇವೆ, ಅವರೆಕಾಳಿನ ಸಾರೂ ಉಂಟು. ಆ ವಿಷಯದಲ್ಲಿ ನೆಮ್ಮದಿಯಾಗಿರಿ.

ಮೊದಲ ಸರಗಳನ್ನು ಇಳಿಸುವವರು ನೀವೇ. ಇನ್ನು ಆರು ವರ್ಷಕ್ಕೆ ಆ ಕೆಲಸಕ್ಕೆ ಸೇರುತ್ತೀರಿ. ಒಂದು ದಿನ ಒಂದು ಸರ ಓರೆಯಾಗಿರುವುದನ್ನು ಕಂಡು, ಕೈಯಲ್ಲೇ ಅಳೆದು, ಏಳನೇ ಸರ ಮೂಡಲಿಗೆ ಮೂರು ಗೇಣು ವಾಲಿದೆ ಅಂತ ಪುಸ್ತಕದಲ್ಲಿ ಬರೆಯುತ್ತೀರಿ. ಗೇಣೂ ಒಂದು ಅಳತೆಯೇ ಎಂದು ನಕ್ಕು ಆಫೀಸಿನವರು ಅದನ್ನು ಕಂಪ್ಯೂಟರಿಗೆ ಹಾಕುವುದಿಲ್ಲ. ಅದೇ ವಾರ ಒಂದು ಭಾರೀ ತೂರಿ ಸಿಕ್ಕುತ್ತದೆ. ಸರ ನೆಟ್ಟಗಿದೆ ಅಂದುಕೊಂಡು ಲೆಕ್ಕ ಹಾಕಿದ್ದರಿಂದ, ಅದು ಏನೂ ಇಲ್ಲದ ಖಾಲಿ ಜಾಗದಿಂದ ಬಂದಂತೆ ಕಂಡಿತು. ಇನ್ನೂರು ವರ್ಷ ಅದನ್ನು ಅನಾಥ ತೂರಿ ಅಂತಲೇ ಕರೆದರು.

ನನ್ನ ಅಮ್ಮ ಸುಗುಣ ನಲವತ್ತು ವರ್ಷದಿಂದ ಅದರ ತವರು ಹುಡುಕುತ್ತಿದ್ದಾಳೆ. ಅವಳ ಪ್ರಾಯದಲ್ಲಿ ಒಂದು ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಧಗ್ಗೆಂದು ಉರಿದಾಗ ಅಲ್ಲಿಂದ ಒಂದು ತೂರಿ ಬಂತು. ಅದೂ ಅನಾಥ ತೂರಿಯೂ ಎರಡೂ ಅಲ್ಲಿಯವೇ ಅನ್ನುವುದು ಅವಳ ಹಟ. ಒಂದೇ ಬಂದರೆ ಆಕಸ್ಮಿಕ ಅನ್ನಬಹುದು, ಎರಡು ಬಂದರೆ ಒಪ್ಪಲೇಬೇಕು. ಹೋದ ವರ್ಷ ನಿಮ್ಮ ಪುಸ್ತಕ ಸಿಕ್ಕಿತು. ಆ ಸಾಲು ಓದಿ ಅಮ್ಮ ಅತ್ತುಬಿಟ್ಟಳು. ಆದರೆ ಗೇಣು ಒಂದು ಬೆರಳಗಲ ಹೆಚ್ಚುಕಡಿಮೆಯಾದರೂ ತೂರಿಯ ದಾರಿ ಪಕ್ಕದ ಗ್ಯಾಲಕ್ಸಿಗೆ ಹೋಗಿಬಿಡುತ್ತದೆ. ನಿಮ್ಮ ಗೇಣು ಎಷ್ಟುದ್ದ ಅಂತ ಯಾರಿಗೆ ಗೊತ್ತು? ನಮ್ಮ ಮನೆಯ ಹೆಣ್ಣುಮಕ್ಕಳದೆಲ್ಲ ನಿಮ್ಮದೇ ಕೈ ಅಂತ ಒಂದು ಮಾತಿದೆ. ಅಮ್ಮ ನನ್ನ ಗೇಣಿಟ್ಟು ಲೆಕ್ಕ ಹಾಕಿದಳು. ಅದು ನೇರ ಅವಳ ಗ್ಯಾಲಕ್ಸಿಗೇ ಹೋಯಿತು. ತಜ್ಞರ ಸಭೆಯವರು ನಕ್ಕರು, ಮೊಮ್ಮಗಳ ಕೈ ಸಾಕ್ಷಿಯಾಗದು ಅಂದರು. ನನಗೆ ಮೈಯೆಲ್ಲ ಉರಿಯಿತು, ಆದರೆ ಅವರು ಹೇಳಿದ್ದು ನ್ಯಾಯವೇ.

ಅಮ್ಮ ಈಗ ಹಾಸಿಗೆ ಹಿಡಿದಿದ್ದಾಳೆ. ಇನ್ನೊಂದು ವಾರ ಹೆಚ್ಚು ಅನ್ನುತ್ತಾರೆ ಡಾಕ್ಟರು. ನಿನ್ನೆ ನನ್ನ ಕೈ ಹಿಡಿದುಕೊಂಡು ಹೇಳಿದಳು: "ನಾನು ತಪ್ಪಿದ್ದರೂ ಪರವಾಗಿಲ್ಲ ಕಣೇ, ಗೊತ್ತಾಗದೆ ಹೋಗಬಾರದು."

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೆ. ಆ ದಿನ ಬಂದಾಗ, ಮೂರು ಗೇಣು ಅಂತ ಬರೆದ ಸಾಲಿನ ಕೆಳಗೆ ಅಂಗೈ ಊರಿ, ಬೆರಳು ಅಗಲಿಸಿ, ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ. ಯಾರಾದರೂ ನಕ್ಕರೆ ನಗಲಿ. ನಮ್ಮ ಮೇಲಿನ ಕನಿಕರಕ್ಕೆ ಬೆರಳನ್ನು ಹಿಗ್ಗಿಸುವುದು, ಕುಗ್ಗಿಸುವುದು ಬೇಡ. ಅಳೆದಾಗ ಹೇಗಿತ್ತೋ ಹಾಗೇ ಇರಲಿ. ಅದಕ್ಕೆಂದೇ ನನ್ನ ಕೈಯಳತೆಯನ್ನು ಇಲ್ಲಿ ಬರೆದಿಲ್ಲ.

ನಿಮ್ಮ ಪುಸ್ತಕ ಅಮ್ಮನ ತಲೆದಿಂಬಿನ ಪಕ್ಕದಲ್ಲಿದೆ. ಆ ಸಾಲಿನ ಕೆಳಗೆ ಪುಟ ಖಾಲಿಯಿದೆ, ಈಗಷ್ಟೇ ನೋಡಿ ಬಂದೆ. ಈ ಪತ್ರ ಟಪಾಲಿಗೆ ಹಾಕಿ ಬಂದು ಮತ್ತೆ ಆ ಪುಟ ತೆಗೆದು ನೋಡುತ್ತೇನೆ.

ನಿಮ್ಮ
ಹಂಸವೇಣಿ