ಕರೆತಂದವರ ಸಹಿ

ಚಾರ್ಲ್‌ವಿಲ್, ಕ್ವೀನ್ಸ್‌ಲ್ಯಾಂಡ್
ನವೆಂಬರ್ ೨೩, ಶನಿವಾರ

ಪ್ರೀತಿಯ (ಅಭ್ಯಾಸಬಲದಿಂದ ಬರೆದೆ, ಇರಲಿ ಬಿಡು) ನೆವಿಲ್,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಕಲ್ಗೂರ್ಲಿಯ ಗಣಿಯಲ್ಲಿ ಧೂಳು ಜಾಸ್ತಿಯಂತೆ, ಮೂಗಿಗೆ ಬಟ್ಟೆ ಕಟ್ಟಿಕೋ. ಆ ನಿನ್ನ ಶೆರಿಗೆ ನಿನ್ನ ಸೊಂಟಕ್ಕೆ ಮುಲಾಮು ತಿಕ್ಕುವಷ್ಟು ಪುರುಸೊತ್ತಿದೆಯೋ ಇಲ್ಲವೋ; ಇಪ್ಪತ್ತಾರು ವರ್ಷ ತಿಕ್ಕಿದ ಹೆಂಡತಿ ನಾನು, ಕೇಳಬಾರದೇ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ನೀನು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ನೀನು ಬಿಟ್ಟುಹೋದ ನಾಯಿಯ ವಿಷಯ. ಮೂರು ವಾರದ ಹಿಂದೆ ನೀರಿನ ಟ್ಯಾಂಕಿನ ಹತ್ತಿರ ಟಿಲಿಗೆ ಹಾವು ಕಚ್ಚಿತು. ಹಿಂಗಾಲು ಎಳೆದುಕೊಂಡು ಬಂದು ಬಾಗಿಲಲ್ಲಿ ಬಿತ್ತು. ಎತ್ತಿ ಕಾರಿಗೆ ಹಾಕಿಕೊಂಡು ಪಶು ಆಸ್ಪತ್ರೆಗೆ ಓಡಿದೆ. ಅಲ್ಲಿ ಕೊಟ್ಟ ಫಾರಮಿನಲ್ಲಿ ‘ಮಾಲೀಕರು / ಕರೆತಂದವರು’ ಎಂದಿತ್ತು. ನಾನು ಮಹಾ ಜಾಣೆ, ‘ಮಾಲೀಕರು’ ಎಂಬುದನ್ನು ಹೊಡೆದುಹಾಕಿ ಸಹಿ ಮಾಡಿದೆ. ನಾಯಿ ನಿನ್ನದು, ಬಿಲ್ಲೂ ನಿನಗೇ ಬರುತ್ತದೆ ಅಂದುಕೊಂಡೆ. ಟಿಲಿ ಬದುಕಿತು. ನಾಲ್ಕನೆಯ ದಿನ ಕರೆತರಲು ಹೋದರೆ ಡಾಕ್ಟರ್ ಇಮೋಜೆನ್ ನಾಲ್ಕು ಸಾವಿರದ ಇನ್ನೂರು ಡಾಲರಿನ ಬಿಲ್ ನನ್ನ ಕೈಗಿಟ್ಟಳು. “ಕರ್ಕೊಂಡ್ ಬಂದು ಔಷಧಿ ಮಾಡಿ ಅಂದೋರೇ ಕೊಡ್ಬೇಕು ಗ್ಲೆನಿಸ್. ಕೊಡೋವರೆಗೂ ನಾಯಿನ ಇಟ್ಕೊಳ್ಳೋ ಹಕ್ಕು ನಮಗಿದೆ” ಅಂದಳು. ಹಾಗಾದರೆ ಇದನ್ನು ಯಾರಿಗಾದರೂ ಕೊಟ್ಟು ಬಿಲ್ ಬಿಟ್ಟುಬಿಡಿ ಅಂದೆ. ಅದಕ್ಕೆ ಮಾತ್ರ ಮಾಲೀಕನ ಸಹಿಯೇ ಬೇಕಂತೆ! ಬಿಲ್ ನನ್ನದು, ನಾಯಿ ನಿನ್ನದು. ಎಂಥ ಚೆಂದದ ಕಾನೂನು ನೋಡು.

ಆಸ್ಪತ್ರೆಯ ಫೋನಿನಿಂದ ಮಾಡಿದಾಗ ಎತ್ತಿದೆಯಲ್ಲ, ಏನಂದೆ ನೆನಪಿದೆಯೇ? “ಟಿಲಿ ನಂದು ಕಣೇ. ಯಾರಿಗಾದ್ರೂ ಕೊಟ್ರೆ ಕೋರ್ಟಿಗೆ ಎಳೀತೀನಿ. ದುಡ್ಡಾ? ಸಹಿ ಹಾಕಿದ್ದು ನೀನು, ನೀನೇ ಕಟ್ಟು.” ಪಕ್ಕದಲ್ಲಿ ಶೆರಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಮೈಯೆಲ್ಲ ಉರಿದುಹೋಯಿತು.

ಆಮೇಲೆ ದಿನವೂ ನೋಡಲು ಹೋದೆ. ಟಿಲಿ ಸರಳಿಗೆ ಮೂಗು ಒತ್ತಿ, ನನ್ನನ್ನು ದಾಟಿ ಬಾಗಿಲ ಕಡೆ ನೋಡುತ್ತಿತ್ತು. ನಿನ್ನನ್ನು ಹುಡುಕುತ್ತಿತ್ತು, ಪೆದ್ದು ನಾಯಿ. ತಟ್ಟೆಗೆ ಬಾಯಿ ಹಾಕಲಿಲ್ಲ. “ಕಿಡ್ನಿ ಮೊದ್ಲೇ ಸೋತಿದೆ. ಮನೇಲಾದ್ರೆ ಎರಡು ತುತ್ತು ತಿಂದೀತು. ಅರ್ಧ ಕಟ್ಟಿ ಸಾಕು, ಕರ್ಕೊಂಡ್ ಹೋಗಿ” ಅಂದಳು ಇಮೋಜೆನ್. ಆ ಅರ್ಧವನ್ನಾದರೂ ಕಳಿಸು ಎಂದು ನಿನಗೆ ನಾಲ್ಕು ಮೆಸೇಜು ಹಾಕಿದೆ. ನೀನು ಕಳಿಸಿದ್ದು ಒಂದು ಹೆಬ್ಬೆರಳಿನ ಚಿತ್ರ.

ಹೊತ್ತುಹೊತ್ತಿಗೆ ಊಟ ಮಾಡು. ಶೆರಿಗೆ ನನ್ನ ಶಾಪ ತಿಳಿಸು, ದೊಡ್ಡ ಪಾಲು ನೀನಿಟ್ಟುಕೋ.

ಇನ್ನೂ ವಿಚ್ಛೇದನ ಕೊಡದ ನಿನ್ನ ಹೆಂಡತಿ,
ಗ್ಲೆನಿಸ್

ತಾ.ಕ.: ಟಿಲಿ ಗುರುವಾರ ಬೆಳಿಗ್ಗೆ ಸತ್ತಿತು. ಸತ್ತ ನಾಯಿಯನ್ನು ಇಟ್ಟುಕೊಂಡು ಅವರೇನು ಮಾಡುತ್ತಾರೆ, ಕೇಳದೆಯೇ ಕೊಟ್ಟರು. ತಂದು ಹಿತ್ತಲಲ್ಲಿ ಹೂತೆ. ದುಡ್ಡು ಮೊದಲ ದಿನದಿಂದಲೂ ನನ್ನ ಹತ್ತಿರ ಇತ್ತು ನೆವಿಲ್, ಪೂರ್ತಿ. ನಿನ್ನ ಕೈಯಿಂದಲೇ ಕಟ್ಟಿಸಬೇಕು ಅಂತ ಕಾದೆ.